ಓದುಗರ ಪ್ರಶ್ನೆ: ಪಕ್ಕದ ಮನೆಗೆ ಬಂದವರು ನಮ್ಮ ಮನೆಗೇಕೆ ಬರಲಿಲ್ಲ?

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಕುಟುಂಬ ಆರೋಗ್ಯ ಸಮೀಕ್ಷೆಯವರು ಪಕ್ಕದ ಮನೆಯ ಚಾವಡಿಯಲ್ಲಿ ಬಹಳ ಹೊತ್ತು ಕುಳಿತು, ಅಲ್ಲಿನ ಸೊಸೆಯ ಬೆರಳು ಚುಚ್ಚಿ ರಕ್ತ ಪರೀಕ್ಷಿಸಿ ಹೋದರು. ನಮ್ಮ ಅಂಗಳಕ್ಕೂ ಕಾಲಿಡಲಿಲ್ಲ. ನಮ್ಮನ್ನು ಕೇಳದೆ ಜಿಲ್ಲೆಯ ಲೆಕ್ಕ ಬರೆಯುವುದು ಹೇಗೆ? ದೇಶದಲ್ಲಿ 1000 ಗಂಡಸರಿಗೆ 1020 ಹೆಂಗಸರಿದ್ದಾರೆ ಎಂಬ ಅದರ ಮಾತನ್ನು ನಂಬಬಹುದೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಜನಗಣತಿಯಂತೆ ತಲೆ ಎಣಿಸುವ ಕೆಲಸವಲ್ಲ. 1992-93ರಲ್ಲಿ ಮೊದಲ ಬಾರಿಗೆ ನಡೆದ ಈ ಸಮೀಕ್ಷೆಯ ಐದನೆಯ ಸುತ್ತು 2019-21ರಲ್ಲಿ 707 ಜಿಲ್ಲೆಗಳ 6,36,699 ಮನೆಗಳನ್ನು ಮುಟ್ಟಿತು. ಎಂದರೆ ಜಿಲ್ಲೆಗೆ ಸರಾಸರಿ ಸುಮಾರು 900 ಮನೆ. 2011ರ ಜನಗಣತಿಯ ಪಟ್ಟಿಯಿಂದ ಗ್ರಾಮಗಳನ್ನು ಆರಿಸಿ, ಅಲ್ಲಿನ ಮನೆಗಳನ್ನೆಲ್ಲ ಪಟ್ಟಿ ಮಾಡಿ, ಸಮಾನ ಅಂತರದಲ್ಲಿ ಎಣಿಸುತ್ತಾ 22 ಮನೆಗಳನ್ನು ಹೆಕ್ಕುತ್ತಾರೆ. ಆ ಎಣಿಕೆ ನಿಮ್ಮ ಬಾಗಿಲನ್ನು ದಾಟಿ ಪಕ್ಕದ ಬಾಗಿಲಲ್ಲಿ ನಿಂತಿತು, ಅಷ್ಟೆ. ಹೆಕ್ಕಿದ ಮನೆಗೆ ಬೀಗ ಬಿದ್ದಿದ್ದರೆ ಮತ್ತೆ ಹೋಗಿ ನೋಡಬೇಕೇ ಹೊರತು, ಬಾಗಿಲು ತೆರೆದಿದೆಯೆಂದು ನಿಮ್ಮಲ್ಲಿಗೆ ಬರುವಂತಿಲ್ಲ. ಮುಂಬಯಿಗೆ ಹೋದವರ ಬೀಗ ಹಾಕಿದ ಮನೆಗಳು ಎಷ್ಟೋ ಇರುವ ನಮ್ಮ ಕಡೆ ಈ ಕಟ್ಟುನಿಟ್ಟು ಬೇಕೇ ಬೇಕು. ಇಲ್ಲವಾದರೆ ಸದಾ ಮನೆಯಲ್ಲಿರುವವರ ಸಂಗತಿಯಷ್ಟೇ ಲೆಕ್ಕಕ್ಕೆ ಬಂದೀತು.

ಇಲ್ಲಿ ‘ಮನೆ’ ಎಂದರೆ ಒಂದೇ ಅಡುಗೆಯಲ್ಲಿ ಉಣ್ಣುವವರು. ಒಂದೇ ಮಾಡಿನ ಕೆಳಗೆ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೆ ಅವು ಎರಡು ಕುಟುಂಬಗಳು. ಪಾಲಾಗದ ತರವಾಡು ಮನೆಯಾದರೂ ಅಷ್ಟೇ.

ಇನ್ನು 1020ರ ಮಾತು. ಆ ಅಂಕಿ ಹಿಂದಿನ ರಾತ್ರಿ ಮನೆಯಲ್ಲಿ ಮಲಗಿದ್ದವರದು. ದುಬೈಯಲ್ಲಿ ದುಡಿಯುವ ಮಗನಾಗಲಿ, ಸೈನ್ಯದ ಬ್ಯಾರಕ್ಕಿನಲ್ಲಿರುವ ಯೋಧನಾಗಲಿ, ಹಾಸ್ಟೆಲಿನ ಹುಡುಗನಾಗಲಿ ಅದರಲ್ಲಿ ಸೇರುವುದಿಲ್ಲ. ಇದು ಉಡುಪಿಯವರಿಗೆ ಹೊಸತೇನಲ್ಲ: 2011ರ ಜನಗಣತಿಯಲ್ಲಿ ದೇಶದ ಲಿಂಗಾನುಪಾತ 943 ಇದ್ದಾಗ ನಮ್ಮ ಜಿಲ್ಲೆಯದು 1094 ಇತ್ತು, ಗಂಡಸರು ಪರವೂರಿಗೆ ಹೋದದ್ದೇ ಅದಕ್ಕೆ ಒಂದು ದೊಡ್ಡ ಕಾರಣ. ಆದುದರಿಂದ 1020 ಎಂಬುದನ್ನು ಹೆಣ್ಣುಮಕ್ಕಳ ಪರಿಸ್ಥಿತಿ ಸುಧಾರಿಸಿತೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿ. ಅದನ್ನು ತಿಳಿಯಬೇಕಾದರೆ ಅದೇ ವರದಿಯಲ್ಲಿರುವ ಇನ್ನೊಂದು ಅಂಕಿಯನ್ನು ನೋಡಬೇಕು. ಸಮೀಕ್ಷೆಗೆ ಹಿಂದಿನ ಐದು ವರ್ಷಗಳಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ 1000 ಗಂಡು ಶಿಶುಗಳಿಗೆ ಹೆಣ್ಣು ಶಿಶುಗಳು 929 ಮಾತ್ರ. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಇದಲ್ಲ ಎಂಬುದೇ ನಮ್ಮ ತಕರಾರು.

ಬೆರಳು ಚುಚ್ಚಿದ್ದು ರಕ್ತಹೀನತೆ ತಿಳಿಯಲು. 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ಅದು ಇದೆ ಎಂದು ಗೊತ್ತಾದದ್ದು ಇಂಥ ಹನಿ ರಕ್ತದಿಂದಲೇ. ಒಲ್ಲೆ ಎನ್ನುವ ಹಕ್ಕು ನಿಮ್ಮ ನೆರೆಮನೆಯ ಸೊಸೆಗೂ ಇತ್ತು.