ಮೂಕಿ ಸಿನಿಮಾ ಸ್ಪೀಡು, 24 ಫ್ರೇಮ್ ಬಗ್ಗೆ
ಮೂಕಿ ಸಿನಿಮಾದಲ್ಲಿ ಜನ ಯಾಕೆ ದಡಬಡ ಓಡಾಡ್ತಾರೆ, ಕ್ಯಾಮೆರಾನೇ ಸರಿಯಿರ್ಲಿಲ್ವಾ ಅಂತ ಕೇಳಿದ್ರಲ್ಲ, ತಪ್ಪು ಕ್ಯಾಮೆರಾದ್ದಲ್ಲ ಸರ್. ಆಗ ಕೈಯಲ್ಲಿ ಹ್ಯಾಂಡಲ್ ತಿರುಗಿಸ್ತಾ ಸೆಕೆಂಡಿಗೆ 16, 18, 20 ಫ್ರೇಮ್ (ಅಂದ್ರೆ ಬಿಡಿ ಬಿಡಿ ಚಿತ್ರ) ಹೀಗೆ ಶೂಟ್ ಮಾಡ್ತಿದ್ರು, ಅದನ್ನೇ ಆಮೇಲೆ 24ರಲ್ಲಿ ಓಡಿಸಿದ್ರೆ ಎಲ್ರೂ ಓಡಿದಂಗೇ ಕಾಣೋದು. ಕಾಮಿಡಿಗೆ ಬೇಕಂತಲೇ ನಿಧಾನ ತಿರುಗಿಸ್ತಿದ್ದದ್ದೂ ಉಂಟು.

24 ಬಂದಿದ್ದು ಸೌಂಡಿಂದ. ಚಿತ್ರದ ಸ್ಪೀಡ್ ಸ್ವಲ್ಪ ಏರುಪೇರಾದ್ರೂ ಕಣ್ಣು ಸುಮ್ನಿರುತ್ತೆ, ಆದ್ರೆ ಕಿವಿ ಬಿಡಲ್ಲ, ದನಿ ತಕ್ಷಣ ಕೀರಲಾಗುತ್ತೆ ಇಲ್ಲ ಗೊಗ್ಗರಾಗುತ್ತೆ. ಅದಕ್ಕೆ 1920ರ ದಶಕದ ಕೊನೇಲಿ ಮೋಟಾರ್ ಹಾಕಿ 24ಕ್ಕೆ ನಿಲ್ಲಿಸಿದ್ರು, ಅಂದ್ರೆ ನಿಮಿಷಕ್ಕೆ 90 ಅಡಿ ಫಿಲ್ಮ್.

ಹಳೇ 35 ಎಂಎಂ ಪ್ರಿಂಟಿನ ತುಂಡು ಸಿಕ್ರೆ ಬೆಳಕಿಗೆ ಹಿಡಿದು ನೋಡಿ, ಚಿತ್ರಕ್ಕೂ ತೂತಿನ ಸಾಲಿಗೂ ಮಧ್ಯೆ ಅಂಕುಡೊಂಕು ಗೆರೆ ಇರುತ್ತೆ, ಅದೇ ಸೌಂಡು. ನಂಗೆ ತುಂಬಾ ಇಷ್ಟವಾಗೋದು ಏನಂದ್ರೆ, ಚಿತ್ರ ಗೇಟಲ್ಲಿ (ಪ್ರೊಜೆಕ್ಟರಲ್ಲಿ ಫಿಲ್ಮ್ ಮೇಲೆ ಬೆಳಕು ಬೀಳೋ ಕಿಂಡಿ) ನಿಂತು ನಿಂತು ಹೋಗ್ಬೇಕು, ಸೌಂಡ್ ಮಾತ್ರ ನಿಲ್ಲದೆ ಹರೀಬೇಕು, ಎರಡನ್ನೂ ಒಂದೇ ಜಾಗದಲ್ಲಿ ಓದೋಕಾಗಲ್ಲ, ಹಾಗಾಗಿ ಸೌಂಡನ್ನ ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಪ್ರಿಂಟ್ ಮಾಡಿರ್ತಾರೆ!

ನೀವು ನೋಡ್ತಿರೋ ವಿಡಿಯೋ 24ರಲ್ಲಿದ್ರೆ ಸ್ಪೀಡ್ 0.75 ಇಟ್ಟು ನೋಡಿ, 18 ಫ್ರೇಮ್ ಆಗುತ್ತೆ, ನಡಿಗೆ ನಡಿಗೆ ಥರಾನೇ ಕಾಣುತ್ತೆ.