ಬರಹಗಾರರಿಗೆ ಸಲಹೆ: ಹೆಸರು ಬದಲಾಯಿಸಿದರೂ ಗುರುತು ಸಿಗುವ ಮಗು

ಮಾನ್ಯರೇ,

ನಮಸ್ಕಾರ. ಶಾಲಾಪೂರ್ವ ಹಂತದ ಮಕ್ಕಳ ಕಲಿಕೆಯನ್ನು ಕುರಿತ ಸಂಶೋಧನೆಯಲ್ಲಿ ವೈಯಕ್ತಿಕ ಮಾಹಿತಿಯನ್ನು ಹೇಗೆ ನಿರ್ವಹಿಸಬೇಕು ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಇಷ್ಟನ್ನೇ ಹೇಳಿ ಹಿಂದಿರುಗಿಸಬಹುದಾಗಿತ್ತು. ಆದರೆ ತರಗತಿಯೊಳಗೆ ಕುಳಿತು, ಮಕ್ಕಳನ್ನು ಹತ್ತಿರದಿಂದ ನೋಡಿದವರು ಈ ವಿಷಯದ ಬಗ್ಗೆ ಬರೆಯುವುದು ವಿರಳ. ನೀವು ಹಾಗೆ ನೋಡಿದವರು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ಮುಖ್ಯವಾದ ಆಕ್ಷೇಪಣೆಯನ್ನು ಮೊದಲೇ ಹೇಳುತ್ತೇನೆ. ಮಕ್ಕಳ ಗುರುತನ್ನು ಕಾಪಾಡಬೇಕೆಂದು ಹೇಳುವ ಲೇಖನವೇ ಒಂದು ಮಗುವಿನ ಗುರುತನ್ನು ಬಿಟ್ಟುಕೊಟ್ಟಿದೆ. ಲೇಖನದ ನಡುವೆ ನೀವು ವರ್ಣಿಸಿರುವ ಹುಡುಗನ ವಿವರಗಳನ್ನು ಇಲ್ಲಿ ಬೇಕೆಂದೇ ಬದಲಿಸಿ ಬರೆಯುತ್ತಿದ್ದೇನೆ, ಏಕೆಂದರೆ ಈ ಉತ್ತರವನ್ನು ಬೇರೆ ಬರಹಗಾರರೂ ಓದುತ್ತಾರೆ. ಅವನು ಅವಳಿ ಮಕ್ಕಳಲ್ಲಿ ಒಬ್ಬ, ಕಿವಿಗೆ ಶ್ರವಣ ಸಾಧನ ಹಾಕಿಕೊಳ್ಳುತ್ತಾನೆ, ಅವನ ತಾಯಿ ಅವನು ಕಲಿಯುವ ಸಂಸ್ಥೆಯಲ್ಲೇ ಕೆಲಸ ಮಾಡುತ್ತಾರೆ, ಅಲ್ಲಿರುವುದು ಒಂದೇ ತರಗತಿ ಎಂದಿಟ್ಟುಕೊಳ್ಳಿ. ಅವನಿಗೊಂದು ಹೊಸ ಹೆಸರು ಕೊಟ್ಟು, ಕೆಳಗೆ ‘ಎಲ್ಲ ಹೆಸರುಗಳನ್ನೂ ಬದಲಾಯಿಸಲಾಗಿದೆ’ ಎಂದು ಟಿಪ್ಪಣಿ ಹಾಕಿದ್ದೀರಿ. ದೂರದ ಓದುಗನಿಗೆ ಈ ಹುಡುಗ ಯಾರೆಂದು ತಿಳಿಯುವುದಿಲ್ಲ, ನಿಜ. ಆದರೆ ದೂರದ ಓದುಗನಿಂದ ಆ ಮಗುವಿಗೆ ಆಗಬೇಕಾದ ತೊಂದರೆಯೂ ಏನಿಲ್ಲ. ಅವನನ್ನು ಬಲ್ಲ ಶಿಕ್ಷಕಿ, ಸಹಾಯಕಿ, ಅದೇ ತರಗತಿಯ ಉಳಿದ ಮಕ್ಕಳ ಪೋಷಕರು, ಅವನದೇ ಬಂಧುಗಳು ಮೊದಲ ವಾಕ್ಯದಲ್ಲೇ ಗುರುತು ಹಿಡಿಯುತ್ತಾರೆ. ಹಿಡಿದ ಮೇಲೆ ಅವನು ಮಾತನಾಡಲು ತಡಮಾಡಿದ ಕಾರಣವನ್ನೂ, ಅವನ ತಾಯಿಯ ‘ಅಸಹನೆ’ಯ ಬಗ್ಗೆ ಶಿಕ್ಷಕಿ ನಿಮ್ಮಲ್ಲಿ ನಂಬಿ ಹೇಳಿದ ಮಾತನ್ನೂ ಓದುತ್ತಾರೆ. ಒಂದೇ ತರಗತಿ ಎಂದ ಮೇಲೆ ಆ ಮಾತನ್ನು ಹೇಳಿದ ಶಿಕ್ಷಕಿ ಯಾರೆಂಬುದೂ ಬಯಲಾಯಿತು. ಅವರೂ ನಿಮ್ಮ ಸಂಶೋಧನೆಯಲ್ಲಿ ರಕ್ಷಣೆ ಪಡೆಯಬೇಕಾದವರೇ ಎಂಬುದು ಲೇಖನದಲ್ಲಿ ಎಲ್ಲಿಯೂ ಬಂದಿಲ್ಲ.

ಹೆಸರು ಮತ್ತು ವಿಳಾಸವನ್ನು ತೆಗೆದುಬಿಟ್ಟರೆ ಮಾಹಿತಿ ಅನಾಮಿಕವಾಗುತ್ತದೆ ಎಂದು ನೀವು ನಂಬಿದಂತಿದೆ. ಈ ನಂಬಿಕೆ ಹುಸಿಯೆಂಬುದು ಬಹಳ ಹಿಂದೆಯೇ ತಿಳಿದಿದೆ. ದತ್ತಾಂಶದ ಖಾಸಗಿತನವನ್ನು ಅಧ್ಯಯನ ಮಾಡುವ ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ ಅವರು 1990ರ ಅಮೆರಿಕದ ಜನಗಣತಿಯ ಅಂಕಿಅಂಶಗಳನ್ನು ಪರಿಶೀಲಿಸಿ, ಐದಂಕಿಯ ಅಂಚೆ ಸಂಕೇತ, ಲಿಂಗ ಮತ್ತು ಪೂರ್ಣ ಜನ್ಮದಿನಾಂಕ ಈ ಮೂರೇ ವಿವರಗಳಿಂದ ಅಲ್ಲಿನ ಶೇಕಡಾ 87ರಷ್ಟು ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಿ ಗುರುತಿಸುವ ಸಾಧ್ಯತೆ ಇದೆಯೆಂದು 2000ದಲ್ಲಿ ತೋರಿಸಿದರು. ಒಂದು ಇಡೀ ದೇಶದ ಜನಸಂಖ್ಯೆಯಲ್ಲೇ ಹೀಗಾದರೆ, ಇಪ್ಪತ್ತು ಮಕ್ಕಳಿರುವ ಕೋಣೆಯಲ್ಲಿ ಮೂರು ವಿವರಗಳೂ ಬೇಕಾಗುವುದಿಲ್ಲ.

ಯುರೋಪಿನ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ, ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಇರುವ ಜಿಡಿಪಿಆರ್ ನಿಯಮಾವಳಿಯನ್ನು ನೀವು ಉಲ್ಲೇಖಿಸಿದ್ದೀರಿ, ಆದರೆ ಅದು ಬಹಳ ಸ್ಪಷ್ಟವಾಗಿ ಮಾಡಿರುವ ವ್ಯತ್ಯಾಸವನ್ನೇ ಬಿಟ್ಟಿದ್ದೀರಿ. ಹೆಸರಿನ ಜಾಗದಲ್ಲಿ ಸಂಕೇತ ಹಾಕಿ, ಯಾವ ಸಂಕೇತ ಯಾರದೆಂಬ ಪಟ್ಟಿಯನ್ನು ಬೇರೆಡೆ ಇಟ್ಟುಕೊಂಡರೆ ಆ ಮಾಹಿತಿ ಇನ್ನೂ ವೈಯಕ್ತಿಕ ಮಾಹಿತಿಯೇ. ಕಾನೂನಿನ ಎಲ್ಲ ಹೊಣೆಯೂ ಅದಕ್ಕೆ ಅನ್ವಯಿಸುತ್ತದೆ. ಯಾರಾದರೂ ಬಳಸುವ ಸಂಭವವಿರುವ ಯಾವ ಸಮಂಜಸ ಪ್ರಯತ್ನದಿಂದಲೂ ವ್ಯಕ್ತಿಯನ್ನು ಗುರುತಿಸಲಾಗದ ಸ್ಥಿತಿಗೆ ತಂದಾಗ ಮಾತ್ರ ಅದು ಅನಾಮಿಕ. ನಿಮ್ಮ ಅಧ್ಯಯನದಲ್ಲಿ ಇರುವುದು ಮೊದಲನೆಯದು, ಲೇಖನದುದ್ದಕ್ಕೂ ನೀವು ಹೇಳಿಕೊಂಡಿರುವುದು ಎರಡನೆಯದು. ಹಾಗಾಗಿ ಓದುಗ ಕೇಳಲೇಬೇಕಾದ ಪ್ರಶ್ನೆಗಳಿಗೆ ಉತ್ತರವಿಲ್ಲ: ಆ ಪಟ್ಟಿ ಎಲ್ಲಿದೆ, ಯಾರ ಕೈಯಲ್ಲಿದೆ, ಟಿಪ್ಪಣಿಗಳಿರುವ ಲ್ಯಾಪ್‌ಟಾಪಿನಲ್ಲೇ ಇದೆಯೇ, ಯಾವಾಗ ನಾಶವಾಗುತ್ತದೆ?

ಒಪ್ಪಿಗೆಯನ್ನು ಕುರಿತ ಭಾಗ ಅರ್ಜಿ ನಮೂನೆಯ ಭಾಷೆಯಲ್ಲಿದೆ. ಪೋಷಕರ ಸಹಿ ಪಡೆದ ವಿಧಾನ, ಸಹಿ ಹಾಕಿದವರ ಪ್ರಮಾಣ, ನಮೂನೆಯನ್ನು ಜೋಪಾನವಾಗಿಟ್ಟ ಕಪಾಟು ಎಲ್ಲವೂ ಇದೆ. ಮಗು ಮಾತ್ರ ಇಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನೂ, 16ನೇ ವಿಧಿ ಖಾಸಗಿತನದ ಹಕ್ಕನ್ನೂ ಮಗುವಿಗೆ ಕೊಟ್ಟಿವೆ. ಅಷ್ಟು ಚಿಕ್ಕ ಮಕ್ಕಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಸಂಶಯ ಉಳಿಯಬಾರದೆಂದೇ, ಮಕ್ಕಳ ಹಕ್ಕುಗಳ ಸಮಿತಿ ಎಳವೆಯ ಬಗ್ಗೆ 2005ರಲ್ಲಿ ಹೊರಡಿಸಿದ ಏಳನೇ ಸಾಮಾನ್ಯ ವ್ಯಾಖ್ಯಾನದಲ್ಲಿ, ಮಾತು ಮತ್ತು ಬರಹ ಬರುವ ಮುಂಚೆಯೇ ಮಕ್ಕಳು ತಮ್ಮ ಅನಿಸಿಕೆಯನ್ನು ನಾನಾ ರೀತಿಯಲ್ಲಿ ತಿಳಿಸುತ್ತಾರೆಂದು ಹೇಳಿದೆ.

ಇದಕ್ಕೆ ನಿಮ್ಮ ಕರಡಿನಲ್ಲೇ ಒಂದು ಅಪ್ಪಟ ಉದಾಹರಣೆಯಿದೆ. ನೀವು ಅದನ್ನು ಕಂಡೂ ಕಾಣದಂತೆ ದಾಟಿಹೋಗಿದ್ದೀರಿ. ಹುಡುಗಿಯೊಬ್ಬಳು ಬಿಡಿಸುತ್ತಿದ್ದ ಚಿತ್ರದ ಫೋಟೋ ತೆಗೆಯಲು ನೀವು ಫೋನನ್ನು ಹತ್ತಿರ ತಂದಾಗ ಅವಳು ಎರಡೂ ಅಂಗೈಗಳನ್ನು ಹಾಳೆಯ ಮೇಲೆ ಹರಡಿದಳು, ನೀವು ಕಾದಿರಿ, ಅವಳು ಬಣ್ಣದ ಕಡ್ಡಿ ತೆಗೆದುಕೊಳ್ಳಲು ಒಂದು ಕೈ ಎತ್ತಿದಾಗ ಫೋಟೋ ತೆಗೆದಿರಿ. ಇದನ್ನು ನೀವು ‘ಸಂಕೋಚ ಸ್ವಭಾವ’ ಎಂಬ ಶೀರ್ಷಿಕೆಯಡಿ ದಾಖಲಿಸಿದ್ದೀರಿ. ನಾನು ಅದನ್ನು ನಿರಾಕರಣೆ ಎಂದು ಓದುತ್ತೇನೆ. ಅಮ್ಮ ಸಹಿ ಹಾಕಿದ್ದಾರೆ ಎಂಬ ಕಾರಣಕ್ಕೆ ಆ ಅಂಗೈಗಳಿಗೆ ಬೆಲೆ ಇಲ್ಲವಾಗುವುದಿಲ್ಲ. ಕ್ಯಾಮೆರಾಕ್ಕೆ ಬೆನ್ನು ತಿರುಗಿಸುವುದು, ಎದ್ದು ಬೇರೆ ಮೂಲೆಗೆ ಹೋಗುವುದು, ಕೇಳಿದ್ದಕ್ಕೆ ಉತ್ತರಿಸದೆ ಆಟಿಕೆಯನ್ನೇ ನೋಡುತ್ತಾ ಕೂರುವುದು, ಇವೆಲ್ಲ ಮೂರು ನಾಲ್ಕು ವರ್ಷದವರು ‘ಬೇಡ’ ಎನ್ನುವ ರೀತಿಗಳು. ಮುಂದಿನ ಕ್ಷಣದಲ್ಲಿ ಅದೇ ಮಗು ತಾನಾಗಿ ಬಂದು ‘ನನ್ನದೂ ತೆಗೆಯಿರಿ’ ಎನ್ನಲೂಬಹುದು. ಒಪ್ಪಿಗೆ ಎಂಬುದು ಒಂದು ದಿನ ಪಡೆದು ಕಡತಕ್ಕೆ ಸೇರಿಸುವ ಕಾಗದವಲ್ಲ, ಪ್ರತಿ ಭೇಟಿಯಲ್ಲೂ ಮತ್ತೆ ಗಮನಿಸಬೇಕಾದದ್ದು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಪ್ರಸಂಗ ನಿಮಗೆ ಸಿಗಲಾರದು. ನನ್ನ ಅಭಿಪ್ರಾಯದಲ್ಲಿ ಲೇಖನ ಆರಂಭವಾಗಬೇಕಾದದ್ದೇ ಅಲ್ಲಿಂದ. ಆ ಫೋಟೋವನ್ನು ಮಾತ್ರ ಬಳಸಬೇಡಿ.

ಕಾನೂನುಗಳ ಸರಮಾಲೆಯನ್ನು ದಯವಿಟ್ಟು ಕತ್ತರಿಸಿ. ಅದರಲ್ಲಿ ತಪ್ಪುಗಳೂ ನುಸುಳಿವೆ. ಜಿಡಿಪಿಆರ್‌ನ 8ನೇ ವಿಧಿಯಲ್ಲಿ ಮಗು ತಾನೇ ಒಪ್ಪಿಗೆ ಕೊಡಲು ಇಟ್ಟಿರುವ 16 ವರ್ಷದ ಮಿತಿ, ಸದಸ್ಯ ದೇಶಗಳು ಅದನ್ನು 13ರವರೆಗೆ ಇಳಿಸಬಹುದೆಂಬ ಅವಕಾಶ, ಇವೆರಡೂ ಮಕ್ಕಳಿಗೆ ನೇರವಾಗಿ ಒದಗಿಸುವ ಆನ್‌ಲೈನ್ ಸೇವೆಗಳ ಸಂದರ್ಭಕ್ಕೆ ಸೇರಿದವು. ಸಂಶೋಧನೆಯಲ್ಲಿ ಭಾಗವಹಿಸುವ ವಯಸ್ಸನ್ನು ಅವು ನಿಗದಿಪಡಿಸುವುದಿಲ್ಲ. ಅಮೆರಿಕದ 1998ರ ಕೊಪ್ಪಾ ಕಾಯಿದೆಯೂ ಹದಿಮೂರು ವರ್ಷದೊಳಗಿನವರಿಂದ ಆನ್‌ಲೈನಿನಲ್ಲಿ ಮಾಹಿತಿ ಪಡೆಯುವ ಸೇವೆಗಳಿಗೆ ಸಂಬಂಧಿಸಿದ್ದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ. ಸಂಶೋಧನೆಗೆ ಅದರಲ್ಲಿ ವಿನಾಯಿತಿ ಇದ್ದರೂ, ಆ ಮಾಹಿತಿಯ ಆಧಾರದ ಮೇಲೆ ಯಾವುದೇ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು, ನಿಗದಿಪಡಿಸಿದ ಮಾನದಂಡಗಳನ್ನು ಪಾಲಿಸಬೇಕು ಎಂಬ ಷರತ್ತುಗಳಿವೆ. ನೀವು ವಿನಾಯಿತಿಯನ್ನು ಹೇಳಿ ಷರತ್ತನ್ನು ಕೈಬಿಟ್ಟಿದ್ದೀರಿ. ನಿಮ್ಮ ಅಧ್ಯಯನಕ್ಕೆ ಯಾವ ಕಾನೂನು ಅನ್ವಯಿಸುತ್ತದೋ ಅದೊಂದನ್ನು ಸರಿಯಾಗಿ ಹೇಳಿದರೆ ಸಾಕು.

ಧ್ವನಿ ಮತ್ತು ದೃಶ್ಯ ಮುದ್ರಣದ ಭಾಗವನ್ನು ‘ಮುಖಗಳನ್ನು ಮಸುಕುಗೊಳಿಸಲಾಗಿದೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಮುಖ ಮಸುಕಾದರೂ ಧ್ವನಿ ಉಳಿಯುತ್ತದೆ. ಪಕ್ಕದ ಮಗು ಗೆಳೆಯನನ್ನು ಹೆಸರು ಹಿಡಿದು ಕೂಗಿದ್ದೂ ಉಳಿಯುತ್ತದೆ. ಇತ್ತ, ಮಗು ಯಾರ ಕಡೆ ನೋಡಿತು, ಹೇಗೆ ನಕ್ಕಿತು ಎಂಬುದೇ ಅಧ್ಯಯನದ ವಿಷಯವಾಗಿದ್ದರೆ, ಮಸುಕುಗೊಳಿಸಿದ ದೃಶ್ಯದಿಂದ ಸಂಶೋಧಕನಿಗೇ ಉಪಯೋಗವಿಲ್ಲ. ಮಗುವಿನ ಅಂಗಿಯ ಜೇಬಿನಲ್ಲಿಟ್ಟು ಇಡೀ ದಿನದ ಮಾತನ್ನು ದಾಖಲಿಸುವ ಲೀನಾದಂತಹ ಸಾಧನಗಳು ಒಪ್ಪಿಗೆ ಕೊಡದ ನೆರೆಯ ಮಗುವಿನ ಅಳುವನ್ನೂ, ಬಾಗಿಲ ಬಳಿ ಇಬ್ಬರು ದೊಡ್ಡವರು ಆಡಿದ ಮಾತನ್ನೂ ಹಿಡಿದಿಡುತ್ತವೆ. ದೃಶ್ಯ ಮುದ್ರಣವನ್ನು ನಿಜವಾಗಿ ಅನಾಮಿಕಗೊಳಿಸುವುದು ಕಷ್ಟವೆಂದು ಒಪ್ಪಿಕೊಂಡು, ಬೇರೆ ದಾರಿ ಹಿಡಿದವರಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡಿರುವ ಡೇಟಾಬ್ರೇರಿ ಎಂಬ ಭಂಡಾರದಲ್ಲಿ ಅಧ್ಯಯನದಲ್ಲಿ ಭಾಗವಹಿಸುವ ಒಪ್ಪಿಗೆ ಬೇರೆ, ಮುದ್ರಣವನ್ನು ಇತರ ಸಂಶೋಧಕರೊಡನೆ ಹಂಚಿಕೊಳ್ಳುವ ಅನುಮತಿ ಬೇರೆ. ಅದನ್ನು ನೋಡಲು ತಮ್ಮ ಸಂಸ್ಥೆಯ ಹೊಣೆಗಾರಿಕೆಯೊಡನೆ ನೋಂದಾಯಿಸಿಕೊಂಡ ಸಂಶೋಧಕರಿಗಷ್ಟೇ ಅವಕಾಶ. ನೀವು ಇದೇ ದಾರಿ ಹಿಡಿಯಬೇಕೆಂದಿಲ್ಲ. ಸಮಸ್ಯೆ ಇದೆ ಎಂದಾದರೂ ಓದುಗರಿಗೆ ತಿಳಿಯಲಿ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳಬೇಕು. ಲೇಖನದ ಜೊತೆಗೆ ‘ಪರಿಶೀಲನೆಗಾಗಿ’ ಎಂದು ಮೂಲ ವೀಕ್ಷಣಾ ಹಾಳೆಗಳನ್ನೂ ತರಗತಿಯ ಗೋಡೆಯ ಫೋಟೋವನ್ನೂ ಕಳುಹಿಸಿದ್ದೀರಿ. ಆ ಗೋಡೆಯ ಮೇಲೆ ಮಕ್ಕಳ ಹೆಸರಿನ ಚೀಟಿಗಳಿವೆ, ಹುಟ್ಟುಹಬ್ಬದ ಪಟ್ಟಿಯಿದೆ, ಯಾರಿಗೆ ಯಾವ ಆಹಾರ ಒಗ್ಗುವುದಿಲ್ಲ ಎಂಬ ಸೂಚನೆಯೂ ಇದೆ; ಈ ಕೊನೆಯದು ಆರೋಗ್ಯದ ಮಾಹಿತಿ, ವಿಶೇಷ ಎಚ್ಚರಿಕೆ ಬೇಡುವಂಥದ್ದು. ಚಿತ್ರದ ಕಡತದೊಳಗೆ ಅದನ್ನು ತೆಗೆದ ಸ್ಥಳ ಮತ್ತು ಸಮಯವೂ ದಾಖಲಾಗಿರುವ ಸಾಧ್ಯತೆಯಿದೆ. ಇವುಗಳನ್ನು ಸಂಪಾದಕರಿಗೆ ಕಳುಹಿಸಲು ಯಾವ ಪೋಷಕರೂ ಒಪ್ಪಿಗೆ ಕೊಟ್ಟಿರಲಾರರು. ನಮ್ಮಲ್ಲಿದ್ದ ಪ್ರತಿಗಳನ್ನು ಅಳಿಸಿದ್ದೇವೆ. ನಿಮ್ಮ ಇಮೇಲಿನ ‘ಕಳುಹಿಸಿದವು’ ಪಟ್ಟಿಯಿಂದಲೂ ಅಳಿಸಿ, ನಿಮ್ಮ ಅಧ್ಯಯನಕ್ಕೆ ಅನುಮತಿ ಕೊಟ್ಟ ನೈತಿಕ ಸಮಿತಿಗೆ ಹೀಗಾಯಿತೆಂದು ತಿಳಿಸಿ. ಇದು ಮುಜುಗರದ ಕೆಲಸ, ಆದರೂ ಮುಂದೂಡಬೇಡಿ.

ಭಾಷೆಯ ಬಗ್ಗೆ ಒಂದೆರಡು ಮಾತು. ‘ಗೌಪ್ಯತೆಯನ್ನು ಕಾಪಾಡಲಾಗಿದೆ’, ‘ಮಾಹಿತಿಯನ್ನು ಸುರಕ್ಷಿತವಾಗಿ ಇರಿಸಲಾಗಿದೆ’, ‘ಅಗತ್ಯ ಕ್ರಮ ಕೈಗೊಳ್ಳಲಾಗಿದೆ’ ಎಂಬಂಥ ವಾಕ್ಯಗಳು ಪುಟಪುಟದಲ್ಲೂ ಇವೆ. ಇಂಥ ವಾಕ್ಯದಲ್ಲಿ ಕೆಲಸ ಮಾಡಿದವರು ಕಾಣುವುದಿಲ್ಲ. ಮಾಹಿತಿ ನಿರ್ವಹಣೆಯ ವಿಷಯದಲ್ಲಿ ಓದುಗನಿಗೆ ಬೇಕಾಗಿರುವುದೇ ಆ ಕರ್ತೃಪದ. ‘ಸಂಕೇತಗಳ ಪಟ್ಟಿಯನ್ನು ನನ್ನ ಮಾರ್ಗದರ್ಶಕರು ಬೀಗ ಹಾಕಿದ ಕಪಾಟಿನಲ್ಲಿ ಇಟ್ಟಿದ್ದಾರೆ, ನನ್ನ ಬಳಿ ಪ್ರತಿಯಿಲ್ಲ’ ಎಂದು ಬರೆಯಲು ಸಾಧ್ಯವಾದರೆ ಬರೆಯಿರಿ. ಬರೆಯುವಾಗ ಪೆನ್ನು ತಡವರಿಸಿದರೆ, ಆ ಕೆಲಸ ಆಗಿಲ್ಲವೆಂದು ಅರ್ಥ.

ಹಾಗೆಂದು ಎಲ್ಲವನ್ನೂ ಅಳಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಈ ವಯಸ್ಸಿನಲ್ಲಿ ಆರು ತಿಂಗಳ ಅಂತರವೂ ದೊಡ್ಡದು. ಆದ್ದರಿಂದ ವಯಸ್ಸು ಬೇಕೇ ಬೇಕು. ಆದರೆ ಜನ್ಮದಿನಾಂಕ ಬೇಕಿಲ್ಲ: ವೀಕ್ಷಣೆಯ ದಿನಕ್ಕೆ ಮಗುವಿಗೆ ಎಷ್ಟು ತಿಂಗಳಾಗಿತ್ತು ಎಂದು ಲೆಕ್ಕ ಹಾಕಿಕೊಂಡು ದಿನಾಂಕವನ್ನು ಕೈಬಿಡಬಹುದು. ಅವಳಿ ಎಂಬುದು ನಿಮ್ಮ ವಾದಕ್ಕೆ ಸಂಬಂಧಿಸಿರದಿದ್ದರೆ ಅದನ್ನು ಬಿಡಿ. ಹಲವು ಮಕ್ಕಳ ವಿವರಗಳನ್ನು ಕೂಡಿಸಿ ಒಂದು ಮಗುವನ್ನು ಚಿತ್ರಿಸುವುದಾದರೆ ಹಾಗೆ ಮಾಡಿದ್ದೇನೆಂದು ಓದುಗರಿಗೆ ಹೇಳಿ. ಹೇಳದೆ ಮಾಡಿದರೆ ಅದು ದತ್ತಾಂಶವನ್ನು ತಿರುಚಿದಂತೆ. ‘ಇಲ್ಲಿ ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ’ ಎಂದು ಪೋಷಕರಿಗೆ ಕೊಟ್ಟ ಭರವಸೆಯನ್ನೂ ತಿದ್ದಬೇಕು. ಮಗುವಿಗೆ ಹಾನಿಯಾಗುತ್ತಿರುವ ಸೂಚನೆ ಕಂಡಾಗ ಅದನ್ನು ಸಂಬಂಧಪಟ್ಟವರಿಗೆ ತಿಳಿಸುವ ಹೊಣೆ ಸಂಶೋಧಕನಿಗಿದೆ, ಗೌಪ್ಯತೆಯ ಭರವಸೆಗೆ ಈ ಮಿತಿ ಇದೆಯೆಂದು ಮೊದಲ ದಿನವೇ ಪೋಷಕರಿಗೆ ಹೇಳಿರಬೇಕು.

ಮತ್ತೆ ಬರೆಯುವಾಗ ತತ್ತ್ವಗಳಿಂದ ಹೊರಡಬೇಡಿ. ಒಂದು ವೀಕ್ಷಣಾ ಹಾಳೆಯ ಬೆನ್ನು ಹಿಡಿಯಿರಿ: ಪೆನ್ಸಿಲ್ಲಿನಲ್ಲಿ ಬರೆದ ಕ್ಷಣದಿಂದ, ಅದು ಚೀಲದಲ್ಲಿ ಮನೆಗೆ ಬಂದದ್ದು, ಲ್ಯಾಪ್‌ಟಾಪಿಗೆ ಏರಿದ್ದು, ಸಹೋದ್ಯೋಗಿಗೆ ವಾಟ್ಸ್‌ಆ್ಯಪಿನಲ್ಲಿ ಹೋದದ್ದು (ಹೋಗಿದ್ದರೆ ಮುಚ್ಚಿಡಬೇಡಿ), ಕೋಷ್ಟಕವಾಗಿದ್ದು, ಕೊನೆಗೆ ನಾಶವಾಗುವವರೆಗೆ. ಈಗಿರುವುದರ ಅರ್ಧದಷ್ಟು ಉದ್ದ ಸಾಕು. ಆ ಹುಡುಗನ ಪ್ರಸಂಗವನ್ನು ಉಳಿಸಿಕೊಳ್ಳಲೇಬೇಕು ಎನಿಸಿದರೆ, ಅಚ್ಚಿಗೆ ಹೋಗುವ ಪಠ್ಯವನ್ನೇ ಅವನ ಪೋಷಕರಿಗೂ ಶಿಕ್ಷಕಿಗೂ ಓದಲು ಕೊಟ್ಟು, ಅವರು ಒಪ್ಪಿದ ಮೇಲೆ ಮಾತ್ರ ಕಳುಹಿಸಿ. ಅವರು ಸಹಿ ಮಾಡಿದ ಪತ್ರವನ್ನು ನಮಗೆ ಕಳುಹಿಸಬೇಡಿ. ಅದು ನಿಮ್ಮಲ್ಲಿ ಇದೆ ಎಂಬ ಒಂದು ಸಾಲು ಸಾಕು.

ವಿಶ್ವಾಸದಿಂದ,
ಸಂಪಾದಕ