ರಕ್ತ ಕಡಿಮೆ ಅಂತ ಚೀನೀ ವೈದ್ಯರು ಹೇಳಿದರೆ

ಗ್ವಾಂಗ್‌ಜೌಗೆ ಈಗ ತಾನೆ ಬಂದಿದ್ದೀರಿ. ಹೆಂಡತಿಗೆ ಸುಸ್ತು, ನಿದ್ದೆ ಸರಿಯಿಲ್ಲ ಅಂತ ಸಾಂಪ್ರದಾಯಿಕ ಚೀನೀ ಪದ್ಧತಿಯ ವೈದ್ಯರ ಹತ್ತಿರ ಕರೆದುಕೊಂಡು ಹೋದಿರಿ. ಅವರು ನಾಡಿ ಹಿಡಿದು, ನಾಲಿಗೆ ನೋಡಿ, "ಚೀ (ಅಂದರೆ ಮೈಯ ಶಕ್ತಿ) ಕಡಿಮೆ, ರಕ್ತವೂ ಕಡಿಮೆ" ಅಂದರು. ಆದರೆ ಊರಿನಿಂದ ಹೊರಡುವಾಗ ಮಾಡಿಸಿದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಯಾರನ್ನು ನಂಬೋದು, ಆ ವೈದ್ಯರು ಕೊಟ್ಟ ಕಷಾಯ ಕುಡಿಯಬಹುದಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಸಂಸಾರ ಹೂಡಿ ಮಕ್ಕಳನ್ನು ಬೆಳೆಸಿದವಳು. ತಿಳಿದಷ್ಟು ಹೇಳುತ್ತೇನೆ.

ಮೊದಲು ಗಾಬರಿ ಬಿಡಿ. ಆ ವೈದ್ಯರು ಹೇಳಿದ್ದಕ್ಕೂ ನಿಮ್ಮ ಲ್ಯಾಬ್ ರಿಪೋರ್ಟಿಗೂ ಜಗಳವಿಲ್ಲ. ಅವರ ಲೆಕ್ಕದಲ್ಲಿ ರಕ್ತದ ಕೆಲಸ ತುಂಬ ಇದೆ. ಮೈಗೆ ಪೋಷಣೆ ಕೊಡಬೇಕು, ಕಣ್ಣು, ಚರ್ಮ, ಕೂದಲು ಒಣಗದಂತೆ ನೋಡಬೇಕು, ರಾತ್ರಿ ಮನಸ್ಸಿಗೆ ನೆಲೆ ಕೊಡಬೇಕು. ಮುಖ ಬಿಳಿಚಿಕೊಂಡಿದ್ದು, ತಲೆಸುತ್ತು, ಕೈಕಾಲು ಜೋಮು, ಮರೆವು, ಕಡಿಮೆ ಮುಟ್ಟು, ನಿದ್ದೆಗೇಡು ಇವೆಲ್ಲ ಕೂಡಿ ಬಂದರೆ ರಕ್ತ ಕಡಿಮೆ ಅನ್ನುತ್ತಾರೆ. ಹಿಮೋಗ್ಲೋಬಿನ್ 13 ಇದ್ದರೂ ಅನ್ನುತ್ತಾರೆ. ಹಾಗಂತ ಪರೀಕ್ಷೆ ಬಿಡಬೇಡಿ. ಸಸ್ಯಾಹಾರಿ ಹೆಂಗಸಿಗೆ ಸುಸ್ತು ಅಂದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಥೈರಾಯ್ಡ್ ಮೂರನ್ನೂ ನೋಡಿಸಲೇಬೇಕು. ಇಲ್ಲಿನ ದೊಡ್ಡ ಚೀನೀ ವೈದ್ಯ ಆಸ್ಪತ್ರೆಗಳಲ್ಲೇ ಲ್ಯಾಬ್ ಇರುತ್ತದೆ, ಅಲ್ಲೇ ಮಾಡಿಸಬಹುದು.

ಚೀ ಅಂದರೆ ಮೈಯನ್ನು ನಡೆಸುವ, ಬೆಚ್ಚಗಿಡುವ, ರೋಗ ಒಳಗೆ ಬರದಂತೆ ಕಾಯುವ ಶಕ್ತಿ. ಊಟದ ಸಾರವೂ ಉಸಿರಿನ ಗಾಳಿಯೂ ಸೇರಿ ಅದು ದಿನಾ ಹುಟ್ಟುತ್ತದೆ ಅನ್ನುತ್ತಾರೆ. ಊಟದಿಂದ ಸಾರ ತೆಗೆಯುವ ಕೆಲಸ ಗುಲ್ಮದ್ದು, ಅಂದರೆ ಸ್ಪ್ಲೀನಿನದು. ಗುಲ್ಮಕ್ಕೆ ತಣ್ಣಗಿನದು ಆಗದು. ಅದಕ್ಕೇ ಆಫೀಸಿನವರು, ಅಪಾರ್ಟ್‌ಮೆಂಟಿನ ಕಾವಲುಗಾರ, ಎಲ್ಲರೂ ನಿಮಗೆ ಬಿಸಿನೀರು ಕುಡಿ ಅನ್ನೋದು. ಅದು ಕಾಳಜಿಯ ಮಾತು, ಹಾಗೇ ತೆಗೆದುಕೊಳ್ಳಿ. ಚೀ ರಕ್ತದ ದಂಡನಾಯಕ, ರಕ್ತ ಚೀಯ ತಾಯಿ ಅಂತ ಇಲ್ಲೊಂದು ಹಳೆಯ ಮಾತಿದೆ. ಒಂದು ಸೊರಗಿದರೆ ಇನ್ನೊಂದೂ ಸೊರಗುತ್ತದೆ. ನಿಮ್ಮವರಿಗೆ ಎರಡನ್ನೂ ಒಟ್ಟಿಗೆ ಹೇಳಿದ್ದು ಅದಕ್ಕೇ.

ಚೀ, ರಕ್ತ ಬಿಟ್ಟರೆ ಮೈಯನ್ನು ನಡೆಸುವಂಥವು ಅಂತ ಇವರು ಹೇಳುವುದು ಇನ್ನು ಮೂರಿವೆ. ಜಿನ್‌ಯೆ ಅಂದರೆ ಬೆವರು, ಕಣ್ಣೀರು, ಜೊಲ್ಲು, ಕೀಲುಗಳ ಜಿಡ್ಡು, ಹೀಗೆ ಮೈಯ ದ್ರವಗಳೆಲ್ಲ. ಶೆನ್ ಅಂದರೆ ಹೃದಯದಲ್ಲಿ ನೆಲೆಸುವ ಮನಸ್ಸು, ಅರಿವು. ಮಾತಾಡುತ್ತಾ ವೈದ್ಯರು ಕಣ್ಣನ್ನೇ ನೋಡುತ್ತಾರಲ್ಲ, ಇದನ್ನು ತಿಳಿಯಲಿಕ್ಕೆ. ಜಿಂಗ್ ಬೇರೆಯದೇ. ಅದು ಅಪ್ಪ ಅಮ್ಮನಿಂದ ಬಂದ ಆಸ್ತಿಯ ಹಾಗೆ, ಮೂತ್ರಪಿಂಡದಲ್ಲಿ ಕೂಡಿಟ್ಟದ್ದು. ಊಟದಿಂದ ಸ್ವಲ್ಪ ತುಂಬಿಕೊಳ್ಳಬಹುದು, ಆದರೆ ಖರ್ಚಾಗುತ್ತಲೇ ಹೋಗುತ್ತದೆ. ಎರಡು ಸಾವಿರ ವರ್ಷದಷ್ಟು ಹಳೆಯ 'ಹ್ವಾಂಗ್‌ದೀ ನೈಜಿಂಗ್' ಗ್ರಂಥ ಹೆಂಗಸಿನ ಆಯಸ್ಸನ್ನು ಏಳೇಳು ವರ್ಷಕ್ಕೆ, ಗಂಡಸಿನದನ್ನು ಎಂಟೆಂಟು ವರ್ಷಕ್ಕೆ ಅಳೆಯುತ್ತದೆ. ಹುಡುಗಿ 14ಕ್ಕೆ ದೊಡ್ಡವಳಾಗುತ್ತಾಳೆ, 49ಕ್ಕೆ ಮುಟ್ಟು ನಿಲ್ಲುತ್ತದೆ. ಮೈಯನ್ನು ಇಷ್ಟು ತಾಳ್ಮೆಯಿಂದ ಗಮನಿಸಿದವರ ಮೇಲೆ ನನಗೆ ನಿಜವಾದ ಗೌರವವಿದೆ.

ನಮ್ಮವರು ಇದನ್ನು ಕೇಳಿದ ತಕ್ಷಣ ಚೀ ಅಂದರೆ ಪ್ರಾಣ, ಜಿಂಗ್ ಅಂದರೆ ಓಜಸ್ಸು ಅಂತ ಹೊಂದಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಯುರ್ವೇದಕ್ಕೆ ಏಳು ಧಾತುಗಳ, ಮೂರು ದೋಷಗಳ ತನ್ನದೇ ಲೆಕ್ಕವಿದೆ. ಎರಡನ್ನೂ ಒಂದೇ ಅಂದುಕೊಂಡು ಊರಿನ ಲೇಹ್ಯವನ್ನೂ ಇಲ್ಲಿನ ಕಷಾಯವನ್ನೂ ಒಟ್ಟಿಗೆ ತೆಗೆದುಕೊಂಡರೆ ಯಾವ ವೈದ್ಯರಿಗೂ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ.

ಚೀಯನ್ನು ಯಂತ್ರದಲ್ಲಿ ಅಳೆದು ತೋರಿಸಿದವರು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಚೀ ಕೊರತೆ, ರಕ್ತದ ಕೊರತೆ ಸೇರಿವೆ ನಿಜ. ಆ ಪಟ್ಟಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಿಂದ ಬಳಕೆಯಲ್ಲಿದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮದ್ದು ಕೆಲಸ ಮಾಡುತ್ತದೆ ಅಂತಲ್ಲ. ಊಟ, ನಿದ್ದೆ, ದಿನಚರಿಯ ವಿಷಯದಲ್ಲಿ ನಾನು ಇವರ ಮಾತು ಕೇಳುತ್ತೇನೆ. ಜ್ವರ ಇಳಿಯದಿದ್ದರೆ, ಎದೆ ನೋವು ಬಂದರೆ ನೇರ ದೊಡ್ಡಾಸ್ಪತ್ರೆಗೆ ಹೋಗುತ್ತೇನೆ.

ಕಷಾಯದ ವಿಷಯದಲ್ಲಿ ನಿಮಗೆ ಜಾಸ್ತಿ ಎಚ್ಚರ ಬೇಕು, ಯಾಕಂದರೆ ನೀವು ಸಸ್ಯಾಹಾರಿಗಳು. ರಕ್ತಕ್ಕೆ ಅಂತ ಇಲ್ಲಿ ಎಲ್ಲರೂ ಹೇಳುವ ಅಜ್ಯಾವ್ ಅಂದರೆ ಕತ್ತೆಯ ಚರ್ಮ ಕುದಿಸಿ ಮಾಡಿದ ಅಂಟು. ಕಪ್ಪಗೆ, ಎಳ್ಳು, ವಾಲ್‌ನಟ್ ಸೇರಿಸಿ ಮಿಠಾಯಿಯ ಹಾಗೆ ಮಾರುತ್ತಾರೆ, ನೋಡಿದರೆ ಗೊತ್ತಾಗುವುದೇ ಇಲ್ಲ. ಜಿಂಗ್‌ಗೆ ಜಿಂಕೆಯ ಎಳೆಗೊಂಬು ಕೊಡುತ್ತಾರೆ. ಸಿಂಪಿ ಚಿಪ್ಪು, ಎರೆಹುಳ ಕೂಡ ಮದ್ದಿನ ಚೀಟಿಯಲ್ಲಿ ಬರುತ್ತವೆ. "ವೋ ಛ್ರ್ ಸು", ನಾನು ಸಸ್ಯಾಹಾರಿ, ಅಂತ ಮೊದಲೇ ಹೇಳಿ. ಬೇರೆ ಮದ್ದು ಖಂಡಿತ ಇದೆ. ರಕ್ತಕ್ಕೆ ಹೆಸರಾದ ನಾಲ್ಕು ಮೂಲಿಕೆಗಳ ಕಷಾಯ 'ಸೀವೂ ತಾಂಗ್' ಪೂರ್ತಿ ಗಿಡದ್ದೇ. ಆದರೆ ಅದರಲ್ಲಿರುವ ಡಾಂಗ್‌ಗ್ವೆ ಬೇರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವ ತರಬಹುದು. ಅನೇಕ ಕಷಾಯಗಳಲ್ಲಿರುವ ಜ್ಯೇಷ್ಠಮಧು ಜಾಸ್ತಿಯಾದರೆ ಬಿಪಿ ಏರಿಸುತ್ತದೆ. ಬೀದಿಯಲ್ಲಿ ಸಿಗುವ ಪುಡಿ, ಬೇರು ಸುಮ್ನೆ ಕೊಳ್ಳಬೇಡಿ. ಅರಿಸ್ಟೊಲೋಕಿಕ್ ಆಮ್ಲವಿರುವ ಕೆಲವು ಮೂಲಿಕೆಗಳು ಮೂತ್ರಪಿಂಡವನ್ನೇ ಹಾಳು ಮಾಡುತ್ತವೆ.

ಮೂಲೆಮೂಲೆಯಲ್ಲೂ ಸಿಗುವ ಲ್ಯಾಂಗ್‌ಛಾ ಕಷಾಯ ಈ ಊರಿನ ಹೆಮ್ಮೆ. ಆದರೆ ಅದು ಉಷ್ಣ ಇಳಿಸಲಿಕ್ಕೆ. ಚೀ ಕಡಿಮೆ ಅನ್ನಿಸಿಕೊಂಡವರಿಗೆ ಇಲ್ಲಿನವರೇ ಬೇಡ ಅನ್ನುತ್ತಾರೆ.

ಮುಂದಿನ ಸಲ ಹೋಗುವಾಗ ಬೆಳಿಗ್ಗೆ ನಾಲಿಗೆ ಕೆರೆಯಬೇಡಿ ಅಂತ ನಿಮ್ಮವರಿಗೆ ಹೇಳಿ. ನಾಲಿಗೆಯ ಮೇಲಿನ ಲೇಪವನ್ನೇ ವೈದ್ಯರು ಓದುವುದು. ಕಾಫಿಯೂ ಆಮೇಲೆಯೇ, ಬಣ್ಣ ಹತ್ತುತ್ತದೆ. ನಿಮ್ಮವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಚೀನೀ ಭಾಷೆಯಲ್ಲಿ ಬರೆಸಿಕೊಂಡು ಹೋಗಿ. ಗರ್ಭಿಣಿ ಇರಬಹುದು ಅನ್ನುವ ಅನುಮಾನವಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.